‘ಅಜ್ಜಿ ಲಾಡು ಕೊಡಿದ್ರು’: ಮಕ್ಕಳ ಮಾತಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಮಕ್ಕಳು ಮಾತು ಕಲಿಯುವ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಪದಬಂಧಕ್ಕಿಂತ ಇದಕ್ಕೇ ಜಾಸ್ತಿ ಕಾಗದ ಬಂದಿವೆ ಎಂದು ಸಂಪಾದಕರು ನಗುತ್ತಿದ್ದರು. ಅರ್ಧಕ್ಕರ್ಧ ಕಾಗದಗಳಲ್ಲಿ ಪ್ರಶ್ನೆಯೇ ಇಲ್ಲ, ಮೊಮ್ಮಗಳು ಹೀಗಂದಳು, ಮಗ ಹಾಗಂದ ಅಷ್ಟೇ. ಪರವಾಗಿಲ್ಲ, ಎಲ್ಲವನ್ನೂ ಕೂತು ಓದಿದೆ. ಒಂದೇ ತರಹದವನ್ನು ಸೇರಿಸಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ ತುಂಬಿದೆ. ಎರಡು ವರ್ಷಕ್ಕೆಲ್ಲ ‘ಬಿದ್ದೆ’, ‘ಕೊಟ್ರು’ ಅಂತ ಸರಿಯಾಗಿ ಹೇಳುತ್ತಿದ್ದಳು. ಈಗ ಒಂದು ತಿಂಗಳಿಂದ ‘ಅಜ್ಜಿ ಲಾಡು ಕೊಡಿದ್ರು’, ‘ನಾನು ಬೀಳಿದೆ’ ಅನ್ನುತ್ತಾಳೆ. ತಿದ್ದಿದರೂ ಅದೇ. ಕಲಿತದ್ದೆಲ್ಲ ಮರೆತು ಹೋಗುತ್ತಿದೆಯಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮರೆತಿಲ್ಲಮ್ಮ. ನಿಮ್ಮ ಮಗಳು ಈಗ ಲೆಕ್ಕಾಚಾರಕ್ಕೆ ಇಳಿದಿದ್ದಾಳೆ. ಎರಡು ವರ್ಷದಲ್ಲಿ ಅವಳು ‘ಕೊಟ್ರು’ ಅಂದದ್ದು ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದ್ದು. ಆಮೇಲೆ ಸುತ್ತಮುತ್ತ ಏನು ಕೇಳಿದಳು? ಮಾಡು, ಮಾಡಿದ್ರು. ನೋಡು, ನೋಡಿದ್ರು. ಹಾಡು, ಹಾಡಿದ್ರು. ಓಡು, ಓಡಿದ್ರು. ಯಾರೂ ಹೇಳಿಕೊಡದೆ ತಾನೇ ಒಂದು ಸೂತ್ರ ಹಿಡಿದಳು. ಆ ಸೂತ್ರದ ಪ್ರಕಾರ ಕೊಡು ಅಂದರೆ ಕೊಡಿದ್ರು, ಬೀಳು ಅಂದರೆ ಬೀಳಿದೆ. ಇದರಲ್ಲಿ ತಪ್ಪು ಯಾರದ್ದು ಹೇಳಿ? ಕೊಡು, ಇಡು, ಬೀಳು, ಏಳು, ಅಳು, ನಗು, ಕೀಳು, ಸೋಲು, ಹೀಗೆ ದಿನಾ ಬಾಯಲ್ಲಿ ಬರುವ ಪದಗಳೇ ಕನ್ನಡದಲ್ಲಿ ಸೂತ್ರ ಮುರಿಯುತ್ತವೆ. ‘ನಗು’ ಅನ್ನುವುದು ‘ನಕ್ಕ’ ಯಾಕಾಯಿತು ಅಂತ ಮಗು ತಿರುಗಿ ಕೇಳಿದರೆ ನಮ್ಮ ಹತ್ತಿರ ಉತ್ತರ ಇದೆಯಾ?

ಒಂದು ವಿಷಯ ಗಮನಿಸಿ. ನಿಮ್ಮ ಮನೆಯಲ್ಲಿ ದೊಡ್ಡವರು ಯಾರೂ ‘ಕೊಡಿದ್ರು’ ಅಂದಿರಲಾರರು. ಅಂದಮೇಲೆ ಅವಳು ಅದನ್ನು ಯಾರ ಬಾಯಿಂದಲೂ ಎತ್ತಿಕೊಂಡದ್ದಲ್ಲ, ತಾನೇ ಕಟ್ಟಿದ್ದು. ಮಗು ಗಿಳಿಯ ಹಾಗೆ ಹೇಳಿದ್ದನ್ನೇ ಹೇಳುತ್ತದೆ ಅನ್ನುವವರಿಗೆ ತೋರಿಸಲು ಈ ಒಂದು ಪದ ಸಾಕು. ಹಾಗಾಗಿ ಮಕ್ಕಳ ಭಾಷೆ ಓದುವವರಿಗೆ ಸರಿಯಾದ ಮಾತಿಗಿಂತ ತಪ್ಪು ಮಾತಿನ ಮೇಲೇ ಪ್ರೀತಿ ಜಾಸ್ತಿ. ಸರಿಯಾಗಿ ಹೇಳಿದರೆ ಅದು ಕೇಳಿ ಹೇಳಿದ್ದೋ, ತಿಳಿದು ಹೇಳಿದ್ದೋ ಗೊತ್ತಾಗುವುದಿಲ್ಲ. ತಪ್ಪು ಹೇಳಿದಾಗ ಒಳಗೆ ನಡೆಯುತ್ತಿರುವ ಕೆಲಸ ಕಾಣುತ್ತದೆ.

ಇದನ್ನು ಮೊದಲು ಚೆನ್ನಾಗಿ ಹಿಡಿದು ತೋರಿಸಿದವರು ಅಮೆರಿಕದ ಜೀನ್ ಬರ್ಕೊ, 1958ರಲ್ಲಿ. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಅಂತ ಇಲ್ಲದ ಹೆಸರಿಟ್ಟರು. ಇದು ವಗ್, ಈಗ ಇನ್ನೊಂದು ಬಂತು, ಈಗ ಎರಡು ಏನು ಇವೆ? ಎಂದು ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ಕೇಳಿದರು. ಮಕ್ಕಳು ‘ವಗ್ಸ್’ ಅಂದರು. ಆ ಪದವನ್ನು ಪ್ರಪಂಚದಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ, ಹಾಗಾಗಿ ಬಾಯಿಪಾಠ ಅನ್ನುವ ಹಾಗೇ ಇಲ್ಲ.

ನಾನು ಇದನ್ನು ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗನ ಮೇಲೆ ಕನ್ನಡದಲ್ಲಿ ಮಾಡಲು ಹೋಗಿ ಪೆಚ್ಚಾದೆ. “ಇದು ಟಿಬ್ಬು. ಈಗ ಇನ್ನೊಂದು ಬಂತು. ಈಗ ಎರಡು ಏನಿದೆ?” ಅಂದೆ. “ಎರಡು ಟಿಬ್ಬು” ಅಂದ. ಸರಿಯೇ ಅಲ್ವಾ! ನಾವು ಎರಡು ಪೆನ್ನು, ಎರಡು ದೋಸೆ ಅನ್ನುತ್ತೇವೆಯೇ ಹೊರತು ಅಂಗಡಿಯಲ್ಲಿ ನಿಂತು ಎರಡು ಪೆನ್ನುಗಳು ಅಂತ ಯಾರು ಕೇಳುತ್ತಾರೆ? ಇಂಗ್ಲಿಷಿನ ಪರೀಕ್ಷೆಯನ್ನು ಹಾಗೇ ಎತ್ತಿ ತಂದದ್ದು ನನ್ನ ದಡ್ಡತನ. ಆಮೇಲೆ ಕೈ ತಿರುಗಿಸುತ್ತ “ಈ ಮಾಮ ದಿನಾ ಜಿಮುತ್ತಾನೆ. ನಿನ್ನೆನೂ ಅದನ್ನೇ ಮಾಡಿದ. ನಿನ್ನೆ ಏನು ಮಾಡಿದ?” ಅಂದೆ. ಒಂದು ಕ್ಷಣವೂ ಯೋಚಿಸದೆ “ಜಿಮಿದ” ಅಂದು ಆಟಕ್ಕೆ ಓಡಿಹೋದ.

ಇನ್ನು ಎಷ್ಟು ದಿನ ಹೀಗೆ ಅನ್ನುವುದು ನಿಮ್ಮ ಚಿಂತೆ. ಗ್ಯಾರಿ ಮಾರ್ಕಸ್, ಸ್ಟೀವನ್ ಪಿಂಕರ್ ಮತ್ತು ಜೊತೆಯವರು 1992ರಲ್ಲಿ ಇಂಗ್ಲಿಷ್ ಆಡುವ 83 ಮಕ್ಕಳ ಮಾತಿನ ದಾಖಲೆ ತೆಗೆದು ಎಣಿಸಿದರು. ಸೂತ್ರ ಮುರಿಯುವ ಪದಗಳನ್ನು ಮಕ್ಕಳು ಹೀಗೆ ಸೂತ್ರಕ್ಕೆ ಎಳೆದದ್ದು ಸರಾಸರಿ 100ಕ್ಕೆ ಸುಮಾರು 4 ಸಲ ಮಾತ್ರ. ನಮಗೆ ಅದೇ ಕಿವಿಗೆ ಹೊಡೆಯುವುದರಿಂದ ಯಾವಾಗಲೂ ಹಾಗೇ ಅನ್ನುತ್ತಾಳೆ ಅನ್ನಿಸುತ್ತದೆ. ‘ಕೊಟ್ರು’ ಅನ್ನುವುದನ್ನು ಸಾವಿರ ಸಲ ಕೇಳಿದ ಮೇಲೆ ‘ಕೊಡಿದ್ರು’ ತಾನಾಗೇ ಉದುರಿಹೋಗುತ್ತದೆ. ಕೂರಿಸಿ ತಿದ್ದಬೇಡಿ. “ಹೌದಾ, ಅಜ್ಜಿ ಲಾಡು ಕೊಟ್ರಾ? ಎಷ್ಟು ಕೊಟ್ರು?” ಅಂತ ಮಾತು ಮುಂದುವರಿಸಿ, ಸಾಕು.

ಪ್ರಶ್ನೆ: ಆರು ತಿಂಗಳ ಮಗು ಹೀಗೆ ಅರ್ಥ ಮಾಡಿಕೊಳ್ಳುತ್ತದೆ, ಹಾಗೆ ಗುರುತಿಸುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಿರುತ್ತಾರೆ. ಮಾತೇ ಬರದ ಮಗುವಿನ ತಲೆಯಲ್ಲಿ ಏನಿದೆ ಅಂತ ಇವರಿಗೆ ಹೇಗೆ ಗೊತ್ತು? ಸುಮ್ನೆ ಊಹೆ ತಾನೇ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಒಳ್ಳೆಯ ಅನುಮಾನ. ಮಾತು ಬರದಿದ್ದರೇನು, ಮಗುವಿಗೆ ಮೂರು ಕೆಲಸ ಚೆನ್ನಾಗಿ ಬರುತ್ತದೆ: ಚೀಪುವುದು, ಕತ್ತು ತಿರುಗಿಸುವುದು, ನೋಡುವುದು. ಇಡೀ ವಿದ್ಯೆ ನಿಂತಿರುವುದು ಈ ಮೂರರ ಮೇಲೆ. ಜೊತೆಗೆ ಮಕ್ಕಳಿಗೆ ಬೇಗ ಬೇಜಾರಾಗುತ್ತದಲ್ಲ, ಅದರ ಮೇಲೆ.

1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಯವರು ಒಂದು ತಿಂಗಳ ಮತ್ತು ನಾಲ್ಕು ತಿಂಗಳ ಮಕ್ಕಳ ಬಾಯಿಗೆ ತಂತಿ ಜೋಡಿಸಿದ ಚೀಪುವ ನಿಪ್ಪಲ್ ಕೊಟ್ಟರು. ಜೋರಾಗಿ ಚೀಪಿದರೆ ‘ಬ’ ಅನ್ನುವ ಸದ್ದು ಕೇಳುತ್ತದೆ. ಮಗುವಿಗೆ ಮೋಜು, ಚೀಪಿದ್ದೇ ಚೀಪಿದ್ದು. ಸ್ವಲ್ಪ ಹೊತ್ತಿಗೆ ಅದೇ ‘ಬ’ ಕೇಳಿ ಕೇಳಿ ಸಾಕಾಗಿ ಚೀಪುವುದು ನಿಧಾನವಾಗುತ್ತದೆ. ಆಗ ‘ಪ’ಗೆ ಬದಲಿಸುತ್ತಾರೆ. ಮಗು ಮತ್ತೆ ಜೋರಾಗಿ ಚೀಪಿದರೆ ವ್ಯತ್ಯಾಸ ಅದರ ಕಿವಿಗೆ ಬಿದ್ದಿದೆ ಎಂದರ್ಥ. ಬಿದ್ದಿತ್ತು.

ಕತ್ತು ತಿರುಗಿಸುವ ಪರೀಕ್ಷೆಯಲ್ಲಿ ನಮಗೆ ಹತ್ತಿರದ್ದೊಂದಿದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ್ದು. ಮಗು ತಾಯಿಯ ತೊಡೆಯ ಮೇಲೆ ಕೂತಿರುತ್ತದೆ. ಪಕ್ಕದ ಸ್ಪೀಕರಿನಿಂದ ಒಂದೇ ಸಮನೆ ‘ತ ತ ತ ತ’ ಅಂತ ಬರುತ್ತಿರುತ್ತದೆ. ನಡುವೆ ಅದು ‘ಟ ಟ ಟ’ ಆಗುತ್ತದೆ. ಬದಲಾದ ಕೂಡಲೇ ಆ ಕಡೆ ತಿರುಗಿದರೆ ಕತ್ತಲಾಗಿದ್ದ ಪೆಟ್ಟಿಗೆಯಲ್ಲಿ ದೀಪ ಹತ್ತಿ ಒಂದು ಆಟದ ಪ್ರಾಣಿ ಕುಣಿಯುತ್ತದೆ. ಎರಡು ಮೂರು ಸಲಕ್ಕೆ ಮಗುವಿಗೆ ಗುಟ್ಟು ಗೊತ್ತಾಗಿಬಿಡುತ್ತದೆ. ತಾಯಿಯ ಕಿವಿಗೆ ಹೆಡ್‌ಫೋನ್ ಹಾಕಿ ಹಾಡು ಹಚ್ಚಿರುತ್ತಾರೆ, ಯಾಕೆಂದರೆ ತಾಯಿ ಬೇಕೆಂದಲ್ಲದಿದ್ದರೂ ತೊಡೆ ಅಲುಗಿಸಿ ಹೇಳಿಕೊಟ್ಟುಬಿಡುತ್ತಾಳೆ.

ಹಿಂದಿಯ ಈ ತ ಮತ್ತು ಟ ನಮ್ಮಲ್ಲೂ ಇವೆ. ‘ತಟ್ಟೆ’ ಅನ್ನಿ, ನಾಲಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಇಂಗ್ಲಿಷ್ ಮಾತ್ರ ಆಡುವ ದೊಡ್ಡವರ ಕಿವಿಗೆ ಎರಡೂ ಒಂದೇ. ಆದರೆ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಮಕ್ಕಳಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. 10ರಿಂದ 12 ತಿಂಗಳ ಹೊತ್ತಿಗೆ ಹೆಚ್ಚಿನವರು ಅದನ್ನು ಕಳೆದುಕೊಂಡಿದ್ದರು. ಅದೇ ವಯಸ್ಸಿನ ಹಿಂದಿ ಮನೆಯ ಮಕ್ಕಳಿಗೆ ಅದು ಉಳಿದಿತ್ತು. ಅಂದರೆ ಮಗು ಎಲ್ಲ ಊರಿಗೂ ಟಿಕೆಟ್ ಇಟ್ಟುಕೊಂಡು ಹುಟ್ಟಿ, ಮೊದಲ ವರ್ಷ ಮುಗಿಯುವುದರೊಳಗೆ ತನ್ನ ಊರಿನ ಬಸ್ಸು ಹತ್ತಿಬಿಡುತ್ತದೆ. ಆಮೇಲೆ ಉಳಿದ ಊರಿಗೆ ಹೋಗಬಾರದು ಅಂತಿಲ್ಲ, ಕಷ್ಟಪಡಬೇಕು.

ಮೂರನೆಯದು ಕಣ್ಣು. 2012ರಲ್ಲಿ ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 6ರಿಂದ 9 ತಿಂಗಳ ಮಕ್ಕಳಿಗೆ ಪರದೆಯ ಮೇಲೆ ಜೋಡಿ ಚಿತ್ರ ತೋರಿಸಿ, ತಾಯಿಯ ಬಾಯಿಂದ ಒಂದರ ಹೆಸರು ಹೇಳಿಸಿ, ಕಣ್ಣು ಯಾವ ಕಡೆ ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ಕ್ಯಾಮೆರಾದಲ್ಲಿ ಅಳೆದರು. ತಿನ್ನುವ ವಸ್ತು, ಮೈಯ ಭಾಗ ಇಂಥ ಕೆಲವು ಪದಗಳ ಅರ್ಥ ಆ ವಯಸ್ಸಿಗೇ ಶುರುವಾಗಿರುತ್ತದೆ. ಒಂದು ಮಗು ಒಂದು ಸಲ ನೋಡಿದ್ದರಿಂದ ಏನೂ ಗೊತ್ತಾಗುವುದಿಲ್ಲ ಅನ್ನುವುದು ನಿಜ. ಹತ್ತಾರು ಮಕ್ಕಳು, ನೂರಾರು ಸಲ. ಅರ್ಧಕ್ಕೆ ಅತ್ತವರು, ನಿದ್ದೆ ಹೋದವರು ಲೆಕ್ಕಕ್ಕಿಲ್ಲ. ಈ ಕೆಲಸದಲ್ಲಿ ಅಂಥವರೇ ಬಹಳ!

ಅಭಿಮನ್ಯು ಕಥೆ ನಿಜವೇ ಅಂತ ಇನ್ನೂ ಇಬ್ಬರು ಕೇಳಿದ್ದಾರೆ. ಅರ್ಧ ನಿಜ. ಬಸುರಿಯ ಕೊನೆಯ ಆರು ವಾರ ತಾಯಂದಿರು ದಿನಾ ಗಟ್ಟಿಯಾಗಿ ಓದಿದ ಕಥೆಯನ್ನು ಹುಟ್ಟಿದ ಮಕ್ಕಳು ಬೇರೆ ಕಥೆಗಿಂತ ಹೆಚ್ಚು ಇಷ್ಟಪಟ್ಟರು ಅಂತ ಆಂಥನಿ ಡಿಕ್ಯಾಸ್ಪರ್ ಮತ್ತು ಮೆಲಾನಿ ಸ್ಪೆನ್ಸ್ 1986ರಲ್ಲಿ ತೋರಿಸಿದರು. ಅದಕ್ಕೂ ಇದೇ ಚೀಪುವ ಪರೀಕ್ಷೆ. ಆದರೆ ಒಳಗೆ ಕೇಳುವುದು ಮಾತಿನ ಏರಿಳಿತ, ಲಯ. ಚಕ್ರವ್ಯೂಹದ ನಕ್ಷೆ ಆ ದಾರಿಯಲ್ಲಿ ಬರುವುದಿಲ್ಲ.

ಪ್ರಶ್ನೆ: ಮೊಮ್ಮಗನ ಹತ್ತಿರ ‘ಮಮ್ಮು ತಿಂತೀಯಾ, ತಾಚಿ ಮಾಡ್ತೀಯಾ’ ಅಂದರೆ ಸೊಸೆ ಬೇಡ ಅನ್ನುತ್ತಾಳೆ. ಸರಿಯಾದ ಪದವನ್ನೇ ಹೇಳಬೇಕಂತೆ. ನಾವೇನು ಮಕ್ಕಳನ್ನು ಸಾಕಿಲ್ಲವೇ?
— ಅಜ್ಜಿ, ತಿಪಟೂರು

ಉತ್ತರ: ಅಜ್ಜಿ, ಧಾರಾಳವಾಗಿ ಹೇಳಿ. ರಾಗ ಎಳೆದು, ದನಿ ಏರಿಸಿ, ನಿಧಾನವಾಗಿ ಆಡುವ ಮಾತಿನ ಕಡೆಗೇ ಮಕ್ಕಳು ಹೆಚ್ಚು ತಿರುಗುತ್ತಾರೆ ಅಂತ ಆನ್ ಫರ್ನಾಲ್ಡ್ 1985ರಲ್ಲಿ ನಾಲ್ಕು ತಿಂಗಳ ಮಕ್ಕಳಲ್ಲಿ ಕಂಡಿದ್ದರು. ಮಮ್ಮು ಅಂದ ಮಾತ್ರಕ್ಕೆ ಯಾವ ಮಗುವೂ ದೊಡ್ಡವನಾದ ಮೇಲೆ ಹೋಟೆಲಿಗೆ ಹೋಗಿ ಒಂದು ಪ್ಲೇಟ್ ಮಮ್ಮು ಕೊಡಿ ಅಂದದ್ದಿಲ್ಲ. ಸೊಸೆಗೆ ಇದನ್ನೂ ಹೇಳಿ: ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬಗ್ಗೆ ಬರೆದಿಟ್ಟ ಟಿಪ್ಪಣಿಯನ್ನು 1877ರಲ್ಲಿ ಅಚ್ಚು ಹಾಕಿಸಿದ. ಮಗು ಸರಿಯಾಗಿ ಒಂದು ವರ್ಷಕ್ಕೆ ಊಟಕ್ಕೆ ತಾನೇ ಒಂದು ಪದ ಕಟ್ಟಿತು ಎಂದು ಅದರಲ್ಲಿದೆ. ಆ ಪದ ‘ಮಮ್’. ಇಂಗ್ಲೆಂಡಿಗೂ ತಿಪಟೂರಿಗೂ ಎಲ್ಲಿಯ ನಂಟು ಅನ್ನಬೇಡಿ. ಮೊಲೆ ಚೀಪುತ್ತಾ ಬಾಯಿ ಮುಚ್ಚಿಕೊಂಡು ಮಗು ಗೊಣಗಿದರೆ ಮೂಗಿನಿಂದ ಬರುವುದೇ ‘ಮ್’. ಅದಕ್ಕೇ ಎಷ್ಟೋ ಭಾಷೆಗಳಲ್ಲಿ ಅಮ್ಮನಿಗೆ ‘ಮ’ ಇದೆ ಅನ್ನುವುದು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ವಾದ. ಜಾರ್ಜಿಯನ್ ಭಾಷೆಯಲ್ಲಿ ಮಾತ್ರ ‘ಮಾಮಾ’ ಅಂದರೆ ಅಪ್ಪ!

ಆದರೆ ಸೊಸೆಯ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಮಮ್ಮು ಒಂದೇ ಸಾಲದು, ಅನ್ನ, ಸಾರು, ತುಪ್ಪ ಎಲ್ಲವೂ ಕಿವಿಗೆ ಬೀಳಲಿ.

ಪ್ರಶ್ನೆ: ಎಲ್ಲ ಸಂಶೋಧನೆಯೂ ಅಮೆರಿಕದ ಮಕ್ಕಳದ್ದೇ. ಕನ್ನಡ ಮಾತಾಡುವ ಮಕ್ಕಳ ಮೇಲೆ ಯಾರಾದರೂ ಏನಾದರೂ ಮಾಡಿದ್ದಾರಾ?
— ಪ್ರೌಢಶಾಲೆ ಶಿಕ್ಷಕರು, ಹಾಸನ

ಉತ್ತರ: ಮಾಡಿದ್ದಾರೆ ಮೇಷ್ಟ್ರೇ, ಮತ್ತು ನಮ್ಮ ಮಕ್ಕಳು ದೊಡ್ಡ ಜಗಳವೊಂದರಲ್ಲಿ ಸಾಕ್ಷಿ ಹೇಳಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಮಕ್ಕಳ ಮಾತಿನ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಆದರೆ ನಾನು ಹೇಳಲು ಹೊರಟಿದ್ದು ಬೇರೆ.

ಜಗಳ ಇದು. ಮಗು ಭಾಷೆ ಕಲಿಯುವುದು ಬರೀ ಕೇಳಿದ್ದರಿಂದಲೋ, ಇಲ್ಲಾ ಭಾಷೆ ಹೀಗಿರುತ್ತದೆ ಅನ್ನುವ ಒಂದಿಷ್ಟು ನಿರೀಕ್ಷೆ ಇಟ್ಟುಕೊಂಡೇ ಹುಟ್ಟುತ್ತದೋ? ಇದನ್ನು ತೂಗಲು ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್ಮನ್ ಮತ್ತು ಲೀಲಾ ಗ್ಲೈಟ್ಮನ್ ಕನ್ನಡವನ್ನೇ ಆರಿಸಿಕೊಂಡರು. 2003ರಲ್ಲಿ ಪ್ರಕಟವಾದ ಕೆಲಸ. ಕನ್ನಡವೇ ಯಾಕೆ ಅಂದರೆ ನಮ್ಮ ‘ಇಸು’. ಕುಣಿ, ಕುಣಿಸು. ಓಡು, ಓಡಿಸು. ಒಬ್ಬರು ಇನ್ನೊಬ್ಬರಿಂದ ಮಾಡಿಸುತ್ತಿದ್ದಾರೆ ಅಂತ ‘ಇಸು’ ಸ್ಪಷ್ಟವಾಗಿ ಸಾರುತ್ತದೆ. ಅದೇ ವಾಕ್ಯದಲ್ಲಿ ಎಷ್ಟು ಹೆಸರಿವೆ ಅನ್ನುವುದನ್ನು ನಂಬುವ ಹಾಗಿಲ್ಲ, ಯಾಕೆಂದರೆ ನಾವು ಹೆಸರುಗಳನ್ನು ಸಲೀಸಾಗಿ ನುಂಗಿಬಿಡುತ್ತೇವೆ. “ಓಡಿಸ್ದ” ಅಂದರೆ ಸಾಕು, ಯಾರು, ಯಾರನ್ನು ಅಂತ ಹೇಳುವುದೇ ಇಲ್ಲ.

ಮೂರು ವರ್ಷದ ಆಸುಪಾಸಿನ ಮಕ್ಕಳ ಮುಂದೆ ಆಟದ ಪ್ರಾಣಿಗಳನ್ನು ಇಟ್ಟು, ಒಂದು ವಾಕ್ಯ ಹೇಳಿ, ಅದನ್ನು ಆಡಿ ತೋರಿಸು ಅಂದರು. ಉದಾಹರಣೆ ನಾನೇ ಕೊಡುತ್ತೇನೆ. ‘ಕುದುರೆ ಕುಣಿಯುತ್ತದೆ’, ‘ಮೊಸಳೆ ಕುದುರೆಯನ್ನು ಕುಣಿಸುತ್ತದೆ’, ಇವೆರಡು ನೆಟ್ಟಗಿನವು. ‘ಮೊಸಳೆ ಕುದುರೆಯನ್ನು ಕುಣಿಯುತ್ತದೆ’ ಅನ್ನುವುದು ಸೊಟ್ಟದ್ದು, ಹೆಸರು ಎರಡು, ಇಸು ಇಲ್ಲ. ‘ಕುದುರೆ ಕುಣಿಸುತ್ತದೆ’ ಅನ್ನುವಲ್ಲಿ ಇಸು ಇದೆ, ಹೆಸರು ಒಂದೇ. ಬರೀ ಕೇಳಿ ಕಲಿಯುವುದಾದರೆ ಮಕ್ಕಳು ನಂಬಬೇಕಾದದ್ದು ಇಸುವನ್ನು. ದೊಡ್ಡವರು ಇಸುವಿಗೂ ಬೆಲೆ ಕೊಟ್ಟರು. ಆದರೆ ಮಕ್ಕಳು ಇಸು ಕಡೆ ತಿರುಗಿಯೂ ನೋಡಲಿಲ್ಲ. ಎರಡು ಹೆಸರಿದ್ದರೆ ಒಂದು ಪ್ರಾಣಿಯಿಂದ ಇನ್ನೊಂದನ್ನು ಕುಣಿಸಿದರು, ಒಂದೇ ಹೆಸರಿದ್ದರೆ ಅದೊಂದೇ ಕುಣಿಯಿತು.

ಹೆಸರು ಎಣಿಸುವ ಬುದ್ಧಿ ಮಕ್ಕಳಿಗೆ ಕನ್ನಡ ಕೇಳಿ ಬಂದದ್ದಲ್ಲ, ಮೊದಲೇ ಇದ್ದದ್ದು ಅಂತ ಲಿಡ್ಜ್ ತಂಡ ಹೇಳಿತು. ಎಲ್ಲರೂ ಒಪ್ಪಲಿಲ್ಲ. ಅಡೆಲ್ ಗೋಲ್ಡ್‌ಬರ್ಗ್ ಮರುವರ್ಷವೇ ಉತ್ತರ ಬರೆದರು: ಇಬ್ಬರ ಹೆಸರು ಹೇಳಿದರೆ ಇಬ್ಬರಿಗೂ ಅಲ್ಲಿ ಏನೋ ಕೆಲಸ ಇರಲೇಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಅದಕ್ಕೆ ಹುಟ್ಟುವಾಗಲೇ ತಲೆಯಲ್ಲಿ ವ್ಯಾಕರಣ ಯಾಕೆ ಬೇಕು? ನನಗೆ ಗೋಲ್ಡ್‌ಬರ್ಗ್ ಮಾತು ಸ್ವಲ್ಪ ಹೆಚ್ಚು ಹಿಡಿಸುತ್ತದೆ. ಆದರೆ ಇಸುವನ್ನು ಮಕ್ಕಳು ಯಾಕೆ ಅಷ್ಟು ತಾತ್ಸಾರ ಮಾಡಿದರು ಅನ್ನುವುದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಲಿಡ್ಜ್ ಅವರದ್ದೇ ಇನ್ನೊಂದು ಕೆಲಸ ಇದೆ, ಜೂಲಿಯನ್ ಮುಸೊಲಿನೊ ಜೊತೆ, 2002ರದ್ದು. ‘ಅವನು ಎರಡು ಹಕ್ಕಿ ಹಿಡಿಯಲಿಲ್ಲ’ ಅನ್ನುವ ವಾಕ್ಯಕ್ಕೆ ನಿಮ್ಮ ತರಗತಿಯಲ್ಲಿ ಅರ್ಥ ಕೇಳಿ ನೋಡಿ. ಎರಡು ಹಿಡಿಯಲಿಲ್ಲ, ಒಂದೇ ಹಿಡಿದ ಅನ್ನಬಹುದು. ಎರಡು ಹಕ್ಕಿ ಕೈತಪ್ಪಿ ಹೋದವು, ಉಳಿದವು ಸಿಕ್ಕಿದವು ಅಂತಲೂ ಅನ್ನಬಹುದು. ದೊಡ್ಡವರಿಗೆ ಎರಡೂ ಹೊಳೆಯುತ್ತದೆ, ನಾಲ್ಕು ವರ್ಷದ ಮಕ್ಕಳು ಮೊದಲನೆಯದಕ್ಕೇ ಅಂಟಿಕೊಂಡರು. ಇಂಗ್ಲಿಷಿನ ಮಕ್ಕಳೂ ಹಾಗೇ. ಇದರಲ್ಲೇನು ವಿಶೇಷ ಅನ್ನುತ್ತೀರಾ? ಇಂಗ್ಲಿಷಿನಲ್ಲಿ ‘ಇಲ್ಲ’ ಮೊದಲು ಬಂದು ‘ಎರಡು’ ಆಮೇಲೆ ಬರುತ್ತದೆ. ಕನ್ನಡದಲ್ಲಿ ಉಲ್ಟಾ, ಇಲ್ಲ ಕೊನೆಯಲ್ಲಿ. ಮಕ್ಕಳು ಕಿವಿಗೆ ಮೊದಲು ಬಿದ್ದ ಪದಕ್ಕೇ ಹೆಚ್ಚು ಬೆಲೆ ಕೊಡುವವರಾಗಿದ್ದರೆ ಕನ್ನಡದ ಮಕ್ಕಳು ಇನ್ನೊಂದು ಅರ್ಥಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಅಂದರೆ ಅವರು ಪದಗಳ ಸಾಲನ್ನಲ್ಲ, ಒಳಗಿನ ಕಟ್ಟನ್ನು ನೋಡುತ್ತಾರೆ. ಇಂಗ್ಲಿಷ್ ಒಂದರಲ್ಲೇ ಕೂತಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗನಿಗೆ ಎರಡೂವರೆ. ಮನೆಯಲ್ಲಿ ಕನ್ನಡ, ಡೇ ಕೇರ್‌ನಲ್ಲಿ ಇಂಗ್ಲಿಷ್. ‘ಅಮ್ಮ, ಬಾಲ್ ಥ್ರೋ ಮಾಡು’ ಅಂತ ಕಲಸಿಬಿಡುತ್ತಾನೆ. ಒಂದೇ ಭಾಷೆ ಆಡಿ, ಮಗು ಗಲಿಬಿಲಿಯಾಗಿದೆ ಅಂತ ಗೊತ್ತಿದ್ದವರು ಹೇಳಿದರು. ಕನ್ನಡ ಉಳಿಸಲು ಫೋನಿನಲ್ಲಿ ಕನ್ನಡ ಶಿಶುಗೀತೆ ಹಾಕುತ್ತೇವೆ, ಸಾಕಾ?
— ಓದುಗ ದಂಪತಿ

ಉತ್ತರ: ಗಲಿಬಿಲಿ ಮಗುವಿಗಲ್ಲ, ಆ ಗೊತ್ತಿದ್ದವರಿಗೆ. ‘ಥ್ರೋ ಮಾಡು’ ಅನ್ನುವುದು ಅಪ್ಪಟ ಕನ್ನಡ ವ್ಯಾಕರಣ. ಹೊರಗಿನ ಪದಕ್ಕೆ ‘ಮಾಡು’ ಹಚ್ಚಿ ಒಳಗೆ ಕರೆದುಕೊಳ್ಳುವುದು ನಾವೆಲ್ಲ ಮಾಡುವುದೇ. ಫೋನ್ ಮಾಡು, ಕ್ಯಾನ್ಸಲ್ ಮಾಡು. ನಿಮ್ಮ ಮನೆಯ ಮಾತನ್ನೇ ಅರ್ಧ ಗಂಟೆ ರೆಕಾರ್ಡ್ ಮಾಡಿ ಕೇಳಿ, ಅವನು ಯಾರಿಂದ ಕಲಿತ ಅಂತ ಗೊತ್ತಾಗುತ್ತದೆ. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅವನಿಗೆ ಎಷ್ಟು ಪದ ಬರುತ್ತದೆ ಅಂತ ಎಣಿಸುವಾಗ ಎರಡೂ ಭಾಷೆಯದ್ದನ್ನು ಕೂಡಿಸಿ. ಒಂದನ್ನೇ ಎಣಿಸಿದರೆ ಕಡಿಮೆ ಕಾಣುತ್ತದೆ, ಅಷ್ಟೇ.

ಫೋನಿನ ವಿಷಯ ಬೇರೆ. ಪೆಟ್ರೀಶಿಯಾ ಕುಲ್ ತಂಡ 2003ರಲ್ಲಿ ಅಮೆರಿಕದ 9 ತಿಂಗಳ ಮಕ್ಕಳ ಜೊತೆ ಚೀನಿ ಮ್ಯಾಂಡರಿನ್ ಭಾಷೆಯವರನ್ನು ಕೂರಿಸಿ 12 ಸಲ ಆಟ, ಪುಸ್ತಕ ಓದಿಸಿದರು. ಆ ಭಾಷೆಯ ಸದ್ದುಗಳು ಮಕ್ಕಳ ಕಿವಿಗೆ ಹತ್ತಿದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಏನೂ ಹತ್ತಲಿಲ್ಲ. ಹಾಗಂತ ಪರದೆಯೇ ಕೆಟ್ಟದ್ದು ಅಂತಲ್ಲ. 2014ರಲ್ಲಿ ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಷ್-ಪಾಸೆಕ್ ಮತ್ತು ರಾಬರ್ಟಾ ಗೋಲಿಂಕಾಫ್ ನಿಮ್ಮ ಮಗನ ವಯಸ್ಸಿನ ಮಕ್ಕಳನ್ನೇ ನೋಡಿದರು. ವಿಡಿಯೊ ಕಾಲ್‌ನಲ್ಲಿ ಎದುರಿನವರು ಮಗುವಿಗೆ ಉತ್ತರ ಕೊಡುತ್ತಾ ಮಾತಾಡಿದಾಗ ಮಕ್ಕಳು ಹೊಸ ಕ್ರಿಯಾಪದ ಕಲಿತರು, ಮೊದಲೇ ಮಾಡಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಹಾಗಾಗಿ ಶಿಶುಗೀತೆ ಬಂದ್ ಮಾಡಿ, ಊರಿನ ಅಜ್ಜನಿಗೆ ಕಾಲ್ ಮಾಡಿ. ಇಂಗ್ಲಿಷ್ ಬಾರದ ಅಜ್ಜ ಇದ್ದರೆ ನಿಮ್ಮ ಪುಣ್ಯ.

ಪ್ರಶ್ನೆ: ಮಗುವಿಗೆ ಎರಡು ವರ್ಷ ಎರಡು ತಿಂಗಳು. ‘ಅಮ್ಮ’, ‘ಬಾ’ ಬಿಟ್ಟರೆ ಬೇರೆ ಮಾತಿಲ್ಲ. ಅವರ ತಾತನೂ ಮೂರು ವರ್ಷಕ್ಕೇ ಮಾತಾಡಿದ್ದಂತೆ. ಅತ್ತೆ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಾರೆ. ಕಾಯಬಹುದಾ?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಕಾಯಬೇಡಿ. ತಡವಾಗಿ ಮಾತಾಡಿ ಆಮೇಲೆ ಸರಿಹೋಗುವ ಮಕ್ಕಳು ಬಹಳ ಇದ್ದಾರೆ, ನಿಮ್ಮ ಮಗುವೂ ಅಂಥದ್ದೇ ಇರಬಹುದು. ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸುವ ಹಾಗಿಲ್ಲ. ಮೊದಲು ಕಿವಿ ಪರೀಕ್ಷೆ. ತಟ್ಟೆ ಬಡಿದರೆ ತಿರುಗುತ್ತದೆ ಅಂತ ಸುಮ್ಮನಾಗಬೇಡಿ. ದೊಡ್ಡ ಸದ್ದು ಕೇಳಿಯೂ ಮಾತಿನ ಸಣ್ಣ ಸದ್ದು ಕೇಳದೆ ಇರಬಹುದು. ವೈದ್ಯರು ಸಾಮಾನ್ಯವಾಗಿ ನೋಡುವ ಗಡಿಗಳು ಇವು: ಒಂದು ವರ್ಷಕ್ಕೆ ‘ಬಬಬ, ದದದ’ ಅನ್ನುವ ತೊದಲು ಇಲ್ಲದಿದ್ದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಅಂತ ಎರಡು ಪದ ತಾನಾಗಿ ಜೋಡಿಸದಿದ್ದರೆ ತೋರಿಸಬೇಕು. ಬಂದ ಮಾತು ಹೋದರೆ ಯಾವ ವಯಸ್ಸಾದರೂ ಸರಿ, ಕೂಡಲೇ.

ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಂದ ಶುರು ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ, ನಿಮಗೆ ದೂರವಾದರೂ ಹೋಗಿಬರುವುದು ವ್ಯರ್ಥವಲ್ಲ. ಇನ್ನು ಬಜೆ. ಕಿವಿ ಕೇಳದಿದ್ದರೆ ನಾಲಿಗೆಗೆ ಹಚ್ಚಿ ಏನು ಮಾಡುವುದು? ವೈದ್ಯರನ್ನು ಕೇಳದೆ ಕೊಡಬೇಡಿ. ಅತ್ತೆಗೆ ಬೇಜಾರಾಗದ ಹಾಗೆ ಹೇಳಿ, ಪರೀಕ್ಷೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ಯಾರೂ ಮಾತಾಡಿಸದೆ ಬೆಳೆಸಿದರೆ ಮಗು ಯಾವ ಭಾಷೆ ಆಡುತ್ತದೆ? ಸಂಸ್ಕೃತ ಅಂತ ನಮ್ಮ ಭಾವನ ವಾದ.
— ಉಡುಪಿ

ಉತ್ತರ: ಭಾವನಿಗಿಂತ ಮೊದಲು ರಾಜರುಗಳಿಗೇ ಈ ಹುಚ್ಚಿತ್ತು. ಈಜಿಪ್ಟಿನ ರಾಜ ಸಾಮೆಟಿಕಸ್ ಇಬ್ಬರು ಮಕ್ಕಳನ್ನು ಕುರುಬನ ಹತ್ತಿರ ಬಿಟ್ಟು ಯಾರೂ ಮಾತಾಡಬಾರದು ಅಂದನಂತೆ. ಮಕ್ಕಳು ‘ಬೆಕೋಸ್’ ಅಂದವಂತೆ, ಅದು ಫ್ರಿಜಿಯನ್ ಭಾಷೆಯಲ್ಲಿ ರೊಟ್ಟಿಯಂತೆ. ಇದು ಗ್ರೀಸಿನ ಹೆರೊಡೊಟಸ್ ಬರೆದ ಕಥೆ. ಮೇಕೆಗಳ ಜೊತೆ ಬೆಳೆದ ಮಕ್ಕಳು ‘ಬೆ’ ಅನ್ನದೆ ಇನ್ನೇನು ಅಂದಾರು? ನಮ್ಮ ಅಕ್ಬರನೂ ಮಕ್ಕಳನ್ನು ಹೀಗೇ ಒಂದು ಮನೆಯಲ್ಲಿ ಇಟ್ಟು ನೋಡಿದ. ಆ ಮಕ್ಕಳು ಮೂಕರಾದರು. ಸಂಸ್ಕೃತವೂ ಇಲ್ಲ, ಅರಬ್ಬಿಯೂ ಇಲ್ಲ. ಇಂಥ ಕೆಲಸವನ್ನು ಇವತ್ತು ಮಾಡಿದರೆ ಜೈಲು.

ಆದರೆ ಮಕ್ಕಳು ಒಟ್ಟಿಗಿದ್ದರೆ ಕಥೆಯೇ ಬೇರೆ. ನಿಕರಾಗುವಾ ದೇಶದ ಮನಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳ ಶಾಲೆ ಬೆಳೆಯಿತು. ಅದುವರೆಗೆ ಒಬ್ಬೊಬ್ಬರೇ ಮನೆಯಲ್ಲಿದ್ದ ಮಕ್ಕಳು. ಶಾಲೆಯಲ್ಲಿ ಕಲಿಸಲು ಹೊರಟದ್ದು ತುಟಿ ನೋಡಿ ಸ್ಪ್ಯಾನಿಷ್ ಓದುವುದು. ಅದು ಹತ್ತಲಿಲ್ಲ. ಆಟದ ಬಯಲಲ್ಲಿ, ಬಸ್ಸಿನಲ್ಲಿ ಮಕ್ಕಳೇ ಕೈಸನ್ನೆಗಳನ್ನು ಬೆಳೆಸಿಕೊಂಡರು. ಆಮೇಲೆ ಬಂದ ಚಿಕ್ಕ ಮಕ್ಕಳು ಅದನ್ನು ಎತ್ತಿಕೊಂಡು ವ್ಯಾಕರಣ ಇರುವ ಪೂರ್ತಿ ಭಾಷೆಯನ್ನಾಗಿ ಮಾಡಿಬಿಟ್ಟರು. ಅದೇ ಇವತ್ತಿನ ನಿಕರಾಗುವಾದ ಸನ್ನೆ ಭಾಷೆ.

ಪ್ರಶ್ನೆ: ನನ್ನ ಮಗಳು ಈಗಷ್ಟೇ ಮಾತು ಶುರು ಮಾಡಿದ್ದಾಳೆ. ಎಲ್ಲ ಬರೆದಿಡಬೇಕು ಅಂತ ಆಸೆ. ಹೇಗೆ ಬರೆದರೆ ಉಪಯೋಗ?
— ಕೊಪ್ಪಳದ ಅಪ್ಪ

ಉತ್ತರ: ಬಹಳ ಸಂತೋಷ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೆಬ್ ರಾಯ್ ತಮ್ಮ ಮಗ ಹುಟ್ಟುವಾಗ ಮನೆಯ ಛಾವಣಿಗೆ 11 ಕ್ಯಾಮೆರಾ, 14 ಮೈಕ್ ಹಾಕಿಸಿ ಮೂರು ವರ್ಷದಲ್ಲಿ ಸುಮಾರು 90,000 ಗಂಟೆ ವಿಡಿಯೊ ಕೂಡಿಸಿದರು. ಅವರ ಮಗ ನೀರಿಗೆ ಮೊದಲು ‘ಗಾಗಾ’ ಅನ್ನುತ್ತಿದ್ದ. ಅದು ತಿಂಗಳುಗಟ್ಟಲೆ ಹಂತ ಹಂತವಾಗಿ ‘ವಾಟರ್’ ಆದದ್ದನ್ನು ಒಂದೇ ಸಾಲಿನಲ್ಲಿ ಜೋಡಿಸಿ ಕೇಳಿಸುತ್ತಾರೆ. ನಿಮಗೆ ಅಷ್ಟೆಲ್ಲ ಬೇಡ, ನಿಮ್ಮ ಮನೆಯವರು ಒಪ್ಪುವುದೂ ಇಲ್ಲ. ಒಂದು ನೋಟ್ ಪುಸ್ತಕ, ಅಡುಗೆಮನೆಯ ಮೊಳೆಗೆ ಕಟ್ಟಿದ ಪೆನ್ನು ಸಾಕು.

ತಾರೀಖು ಹಾಕಿ. ಅವಳು ಹೇಳಿದ ಹಾಗೇ ಬರೆಯಿರಿ. ‘ಕುದುರೆ’ಯನ್ನು ‘ತುದುರೆ’ ಅಂದರೆ ತುದುರೆಯೇ, ನೀವು ತಿದ್ದಿ ಬರೆದರೆ ಕೆಲಸ ಕೆಟ್ಟಿತು. ಒಂದು ಮಜಾ ಹೇಳಲಾ? ನನ್ನ ಮಗ ತುದುರೆ ಅನ್ನುತ್ತಿದ್ದಾಗ ನಾನೂ “ಏನೋ, ತುದುರೆನಾ?” ಅಂದರೆ ಸಿಟ್ಟು ಬರುತ್ತಿತ್ತು. “ಅಲ್ಲ! ತುದುರೆ!” ಅವನ ಕಿವಿಗೆ ಸರಿ ಯಾವುದು ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬರ್ಕೊ ಮತ್ತು ರೋಜರ್ ಬ್ರೌನ್ 1960ರಲ್ಲಿ ಇಂಥದ್ದನ್ನೇ ಬರೆದಿದ್ದಾರೆ. ಅಲ್ಲಿಯ ಮಗು ಪ್ಲಾಸ್ಟಿಕ್ ಮೀನನ್ನು ‘ಫಿಸ್’ ಅನ್ನುತ್ತಿತ್ತು, ದೊಡ್ಡವರು ಫಿಸ್ ಅಂದರೆ ಒಪ್ಪುತ್ತಿರಲಿಲ್ಲ.

ಮುಖ್ಯವಾಗಿ, ಹೇಳಿದಾಗ ಸುತ್ತ ಏನು ನಡೆಯುತ್ತಿತ್ತು, ಯಾವುದನ್ನು ತೋರಿಸಿ ಹೇಳಿದಳು ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ. ಆಗ ನೆನಪಿರುತ್ತದೆ ಬಿಡು ಅನ್ನಿಸುತ್ತದೆ, ಇರುವುದಿಲ್ಲ. ನನ್ನ ಹಳೆಯ ಪುಸ್ತಕದಲ್ಲಿ ಒಂದೇ ವಾರದಲ್ಲಿ ನಾಲ್ಕು ಸಲ ‘ಡುಬ್ಬಣ್ಣಿ ಬೇಕು’ ಅಂತ ಇದೆ, ಒಂದು ಸಲ ಕೆಳಗೆ ಗೆರೆ ಎಳೆದು ‘ಅತ್ತು ರಂಪ’ ಅಂತಲೂ ಬರೆದಿದ್ದೇನೆ. ಅದು ತಿನ್ನುವುದೋ, ಆಟದ್ದೋ, ಯಾರದೋ ಹೆಸರೋ, ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಿದವನನ್ನೂ ಕೇಳಿದೆ. ಅವನಿಗೀಗ ನಲವತ್ತು.